ಫ್ರಾನ್ಸ್‌ನಲ್ಲಿ 12 ವಾರದ ಫ್ರೆಂಚ್ ಕೋರ್ಸ್: ಕ್ಲಾಸಿಗಿಂತ ಊಟದ ಮೇಜಿಗೇ ಹೆಚ್ಚು ಅಂಕ

ಬ್ರೋಷರ್‌ನಲ್ಲಿ ‘ವಾರಕ್ಕೆ 20’ ಎಂದು ಬರೆದಿದ್ದರೆ ಮೊದಲು ಕೇಳಬೇಕಾದ್ದು, 20 ಏನು? ಗಂಟೆಯೋ, ಪಾಠವೋ? ಎಷ್ಟೋ ಕಡೆ ಒಂದು ‘ಪಾಠ’ ಅಂದರೆ 45 ನಿಮಿಷ. ಅಂಥ 20 ಪಾಠ ಕೂಡಿದರೆ ವಾರಕ್ಕೆ 15 ಗಂಟೆಯೇ ಆಯಿತು. 12 ವಾರಕ್ಕೆ ಲೆಕ್ಕ ಹಾಕಿ: 60 ಗಂಟೆ ಖೋತಾ. ಎರಡು ಸಂಸ್ಥೆಗಳ ಶುಲ್ಕ ಹೋಲಿಸುವಾಗ ಪಾಠವನ್ನು ನಿಮಿಷಕ್ಕೆ ಇಳಿಸಿ ನೋಡದಿದ್ದರೆ ಅಗ್ಗದ್ದೇ ದುಬಾರಿಯಾಗುತ್ತದೆ.

‘ಮೂರು ತಿಂಗಳಲ್ಲಿ ಸರಾಗ ಫ್ರೆಂಚ್’ ಎಂಬ ಜಾಹೀರಾತಿಗೂ ಇದೇ ಗಣಿತ ಸಾಕು. ಯುರೋಪಿನಲ್ಲಿ ಭಾಷೆಯ ಕಲಿಕೆಯನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಸೊನ್ನೆಯಿಂದ ಬಿ1 ಮುಟ್ಟಲು ಸುಮಾರು 350ರಿಂದ 400 ಗಂಟೆ, ಬಿ2ಗೆ 500ರಿಂದ 600 ಗಂಟೆ ಬೇಕೆಂಬುದು ಫ್ರೆಂಚ್ ಕಲಿಸುವವರ ನಡುವೆ ಚಾಲ್ತಿಯಲ್ಲಿರುವ ಅಂದಾಜು. ಪೂರಾ 20 ಗಂಟೆಯ ವಾರವಾದರೂ 12 ವಾರಕ್ಕೆ ಸಿಗುವುದು 240. ಒಂದು ಮೆಟ್ಟಿಲು ಹತ್ತಬಹುದು, ಅಲ್ಲಿನ ಕುಟುಂಬವೊಂದರ ಜೊತೆ ಉಳಿದು ಆ ಮನೆಯ ವಾತಾವರಣ ಚೆನ್ನಾಗಿದ್ದರೆ ಒಂದೂವರೆ. ಅದಕ್ಕಿಂತ ಹೆಚ್ಚು ಭರವಸೆ ಕೊಡುವವರನ್ನು ನಂಬಬೇಡಿ.

ಹಾಗಾಗಿ ಸೊನ್ನೆಯಲ್ಲಿ ಹೊರಡುವುದು ದುಂದು. ಎ1, ಎ2 ಬೆಂಗಳೂರಿನಲ್ಲೇ ಮುಗಿಸಬಹುದು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇರುವುದೇ ಅದಕ್ಕೆ. ಕ್ರಿಯಾಪದಗಳ ರೂಪ ಬಾಯಿಪಾಠ ಮಾಡುವುದಕ್ಕೆ ಯೂರೋ ಸುರಿಯಬೇಕಾಗಿಲ್ಲ. ಎ2 ದಾಟಿದವರಿಗೆ ಅಲ್ಲಿನ ಮಾತು ಅರ್ಧವಾದರೂ ಕಿವಿಗೆ ಇಳಿಯುತ್ತದೆ. ಸೊನ್ನೆಯವರಿಗೆ ಮೊದಲ ಆರು ವಾರ ಬರೀ ಗದ್ದಲ. ಆ ಗದ್ದಲ ತಾಳದೆ ಇಂಗ್ಲಿಷ್ ಮಾತಾಡುವ ಸಹಪಾಠಿಗಳ ಗುಂಪು ಸೇರಿಬಿಟ್ಟರೆ ಕೊನೆಯವರೆಗೂ ಹೊರಬರುವುದು ಕಷ್ಟ.

ಊರಿನ ಆಯ್ಕೆ. ಪ್ಯಾರಿಸ್ ಬೇಡ. ಅಲ್ಲಿ ನೀವು ಒಂದು ಕ್ಷಣ ತಡವರಿಸಿದರೆ ಅಂಗಡಿಯವರು ಇಂಗ್ಲಿಷಿಗೆ ಹೊರಳುತ್ತಾರೆ. ವಿಶಿ, ತೂರ್‌ನಂಥ ಊರುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ವಿಶಿಯ ಕಾವಿಲಾಮ್ 1964ರಿಂದ, ತೂರ್‌ನ ಆಂಸ್ತಿತ್ಯು ದ ತೂರೆನ್ 1912ರಿಂದ ಪರದೇಶಿಗಳಿಗೆ ಫ್ರೆಂಚ್ ಕಲಿಸುತ್ತ ಬಂದಿವೆ. ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ವಿಶಿಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ತೂರ್‌ಗೆ ಮೊಂಪಾರ್ನಾಸ್‌ನಿಂದ ಟಿಜಿವಿ (ಅತಿವೇಗದ ರೈಲು); ಬಹಳಷ್ಟು ಗಾಡಿಗಳು ಪಕ್ಕದ ಸೇಂಟ್ ಪಿಯೆರ್ ದೆ ಕೋರ್‌ನಲ್ಲೇ ನಿಲ್ಲುವುದರಿಂದ ಅಲ್ಲಿಳಿದು ಸಣ್ಣ ರೈಲು ಹಿಡಿಯಬೇಕು. ತೂರ್‌ನಲ್ಲಿ ಆಡುವುದೇ ‘ಶುದ್ಧ ಫ್ರೆಂಚ್’ ಎಂಬ ಮಾತನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಡಿ, ಧಾರವಾಡದ ಕನ್ನಡವೇ ಶುದ್ಧ, ಮೈಸೂರಿನದೇ ಶುದ್ಧ ಎನ್ನುವ ಜಗಳದ ಜಾತಿಯದೇ ಅದು.

ಸಂಸ್ಥೆಗೆ ‘ಕಾಲಿತೆ ಎಫ್‌ಎಲ್‌ಇ’ ಮುದ್ರೆ ಇದೆಯೇ ನೋಡಿ. ಪರದೇಶಿಗಳಿಗೆ ಫ್ರೆಂಚ್ ಕಲಿಸುವ ಕೇಂದ್ರಗಳಿಗೆ ಕೊಡುವ, 2007ರಲ್ಲಿ ಶುರುವಾದ ಸರ್ಕಾರಿ ಮಾನ್ಯತೆ ಇದು, ನಕ್ಷತ್ರ ಕೊಟ್ಟು ಶ್ರೇಣಿ ಮಾಡುತ್ತಾರೆ. ಪಾಠ, ಶಿಕ್ಷಕರು, ಕಟ್ಟಡ, ಸ್ವಾಗತ ಎಲ್ಲ ಪರಿಶೀಲಿಸುತ್ತಾರೆ. ನೀವು ಇಳಿಯುವ ಮನೆಯ ಸೂಪಿನ ರುಚಿಯನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಕ್ಲಾಸಿಗೆ ಐದರಲ್ಲಿ ಮೂರು ಅಂಕ. ಶಿಕ್ಷಕರದ್ದೇನೂ ತಪ್ಪಿಲ್ಲ, ತೊಂದರೆ ವ್ಯವಸ್ಥೆಯದು. ಖಾಸಗಿ ಕೇಂದ್ರಗಳಲ್ಲಿ ಪ್ರತಿ ಸೋಮವಾರ ಹೊಸಬರು ಸೇರುತ್ತಾರೆ, ಪ್ರತಿ ಶುಕ್ರವಾರ ಹಳಬರು ಹೊರಡುತ್ತಾರೆ. ಎರಡು ವಾರದ ರಜೆಗೆ ಬಂದವರಿಗೂ ಹನ್ನೆರಡು ವಾರದವರಿಗೂ ಒಂದೇ ಕೋಣೆ. ಪರಿಣಾಮ, ‘ನಿಮ್ಮ ಹೆಸರೇನು, ಯಾವ ದೇಶ, ಏನಿಷ್ಟ’ ಎಂಬ ಪರಿಚಯದ ಪಾಠ ಮತ್ತೆ ಮತ್ತೆ. ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳಲ್ಲಿ ಸೆಮಿಸ್ಟರ್ ಪದ್ಧತಿ ಇರುವುದರಿಂದ ಈ ಕಾಟ ಕಡಿಮೆ, ಆದರೆ ಸೇರಲು ದಿನಾಂಕ ಅವರು ಹೇಳಿದ್ದೇ. ಮೂರು ತಿಂಗಳು ಇರುವವರಿಗೆ ಎರಡನೆಯದೇ ಲೇಸು. ಖಾಸಗಿಯೇ ಆದರೆ ಜುಲೈ, ಆಗಸ್ಟ್ ಬಿಟ್ಟುಬಿಡಿ: ಕ್ಲಾಸು ತುಂಬಿ ತುಳುಕುತ್ತದೆ, ಊರಿನವರು ರಜೆಗೆ ಹೋಗಿರುತ್ತಾರೆ.

ಇನ್ನು ಮನೆ. ನಿಜವಾದ ಸರಕು ಇದೇ. ಸಂಜೆ ಏಳೂವರೆ, ಎಂಟಕ್ಕೆ ಊಟಕ್ಕೆ ಕೂತರೆ ಒಂದು ಗಂಟೆ ಮಾತು. ಕ್ಲಾಸಿನಲ್ಲಿ ‘ಜ ನ ಸೇ ಪಾ’ (ನನಗೆ ಗೊತ್ತಿಲ್ಲ) ಎಂದು ಬಿಡಿಸಿ ಹೇಳಿಕೊಟ್ಟಿದ್ದು ಇಲ್ಲಿ ಒಂದೇ ಉಸಿರಿಗೆ ‘ಶೇಪಾ’. ‘ತ್ಯು ಆ’ (ನಿನ್ನ ಹತ್ತಿರ ಇದೆ) ಎಂಬುದು ‘ತಾ’. ‘ಇಲ್ ನ್ಯಾ ಪಾ’ (ಇಲ್ಲ) ಎಂಬುದು ‘ಯಾ ಪಾ’. ‘ಹೋಗುತ್ತೇನೆ’ ಕಲಿತು ಬಂದವನ ಎದುರು ‘ಹೋಗ್ತೀನಿ’, ‘ಹೊಂಟೆ’ ಕೇಳಿದ ಹಾಗೆ. ಈ ಅಂತರ ದಾಟಿಸುವುದು ಊಟದ ಮೇಜು ಮಾತ್ರ.

ಕನ್ನಡದ ನಾಲಿಗೆಗೆ ಇಲ್ಲಿ ಕೆಲವು ಲಾಭಗಳಿವೆ, ಯಾರೂ ಹೇಳುವುದಿಲ್ಲ. ಫ್ರೆಂಚಿನ ಪ, ತ, ಕಗಳಲ್ಲಿ ಇಂಗ್ಲಿಷಿನಂತೆ ಉಸಿರಿನ ಹೊಡೆತವಿಲ್ಲ, ನಮ್ಮ ಅಲ್ಪಪ್ರಾಣಗಳೇ ಸರಿ. ಇಂಗ್ಲಿಷ್ ಚಟಕ್ಕೆ ಬಿದ್ದು ‘ಟೇಬಲ್’ ಎನ್ನುವ ಟಕಾರವನ್ನು ಹೊರಗಿಟ್ಟು, ‘ತಾಬ್ಲ್’ ಎಂದು ಹಲ್ಲಿಗೆ ನಾಲಿಗೆ ತಾಗಿಸಿದರೆ ಅರ್ಧ ಉಚ್ಚಾರಣೆ ತಾನೇ ಸರಿಹೋಗುತ್ತದೆ. ‘ಲೇ’ ಮುಂದೆ ‘ಆಮಿ’ (ಗೆಳೆಯರು) ಬಂದರೆ ‘ಲೇಝಾಮಿ’ ಆಗುವುದು ‘ಮನೆ’ ಮುಂದೆ ‘ಅನ್ನು’ ಬಂದು ‘ಮನೆಯನ್ನು’ ಆಗುವುದಕ್ಕೆ ಹತ್ತಿರದ್ದೇ. ನೀನು, ನೀವು ಗೊತ್ತಿರುವವರಿಗೆ ‘ತ್ಯು’, ‘ವೂ’ ಬೇರೆ ಕಲಿಸಬೇಕಿಲ್ಲ. ಮನೆಯವರು ತಾವಾಗಿ ಹೇಳುವವರೆಗೆ ‘ವೂ’ ಬಳಸಿ.

ನಷ್ಟಗಳೂ ಇವೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬುದಕ್ಕೆ ನಮ್ಮಲ್ಲಿ ಆಸರೆಯೇ ಇಲ್ಲ, ಪ್ರತಿ ಪದವನ್ನೂ ‘ಲ’ (ಗಂಡು) ಅಥವಾ ‘ಲಾ’ (ಹೆಣ್ಣು) ಸಮೇತ ಬರೆದುಕೊಳ್ಳಬೇಕು. ಪದದ ಕೊನೆಗೆ ಉಕಾರ ಸೇರಿಸುವ ‘ಬಸ್ಸು, ಕಾರು’ ಅಭ್ಯಾಸ ಬಿಡಬೇಕು. ‘ಬೋಂ’ ಎಂಬಲ್ಲಿ ಬಾಯಿ ಮುಚ್ಚಿ ಮ್ ಅಂದರೆ ತಪ್ಪು. ಬಾಯಿ ತೆರೆದೇ ಇರಲಿ, ಸ್ವರ ಮೂಗಿಗೆ ಏರಲಿ. ಎಲ್ಲಕ್ಕಿಂತ ದೊಡ್ಡ ತೊಡಕು ‘ದಸ್ಯು’ ಮತ್ತು ‘ದಸೂ’. ಮೊದಲನೆಯದು ‘ಮೇಲೆ’, ಎರಡನೆಯದು ‘ಕೆಳಗೆ’. ನಾಲಿಗೆಯನ್ನು ‘ಈ’ಗೆ ಇಟ್ಟು ತುಟಿಯನ್ನು ಮಾತ್ರ ‘ಊ’ ಮಾಡಿದರೆ ‘ಮೇಲೆ’. ತಟ್ಟೆ ಜೋಡಿಸುವಾಗ ಇದು ತಪ್ಪಿದರೆ ಮೇಲಿರಬೇಕಾದ್ದು ಕೆಳಗೆ ಹೋಗುತ್ತದೆ. ಫೋನ್ ನಂಬರ್ ಬರೆದುಕೊಳ್ಳುವುದು ಇನ್ನೊಂದು ಪೇಚು: ಎರಡೆರಡು ಅಂಕೆ ಕೂಡಿಸಿ ಹೇಳುತ್ತಾರೆ, 97 ಅಂದರೆ ‘ನಾಲ್ಕು ಇಪ್ಪತ್ತು ಹತ್ತು ಏಳು’. ಪೆನ್ನು ಆಗಲೇ 4 ಬರೆದಿರುತ್ತದೆ. ಇಡೀ ಜೋಡಿ ಕೇಳಿದ ಮೇಲೆ ಬರೆಯಿರಿ.

ಊಟದ ಬಗ್ಗೆ ಬುಕಿಂಗ್ ವೇಳೆಯಲ್ಲೇ ಖಚಿತ ಮಾಡಿ. ‘ದ್ಮಿ ಪಾಂಸ್ಯೋಂ’ ಅಂದರೆ ಬೆಳಗಿನ ತಿಂಡಿ, ರಾತ್ರಿ ಊಟ ಅಷ್ಟೇ. ಮಧ್ಯಾಹ್ನದ್ದು ನಿಮ್ಮ ಪಾಡು. ‘ವೆಜಿತಾರ್ಯಾಂ’ ಎಂದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ಸಣ್ಣ ಸಣ್ಣ ಹಂದಿ ಮಾಂಸದ ತುಣುಕು ‘ಲಾರ್ದೋಂ’ ಅವರ ಲೆಕ್ಕದಲ್ಲಿ ಕೆಲವೊಮ್ಮೆ ಮಾಂಸವೇ ಅಲ್ಲ, ರುಚಿಗೆ ಹಾಕಿದ್ದು. ಆದ್ದರಿಂದ ‘ನಿ ವ್ಯಾಂದ್, ನಿ ಪ್ವಾಸೋಂ, ನಿ ಲಾರ್ದೋಂ’ (ಮಾಂಸ, ಮೀನು, ಲಾರ್ದೋಂ ಯಾವುದೂ ಬೇಡ) ಎಂದೇ ಬರೆಯಿರಿ. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿ ಬರೆಯಬೇಕು. ಕೋಂತೆಯಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ಕಿಣ್ವದಿಂದ, ಮಡಿವಂತರಿಗೆ ಗೊತ್ತಿರಲಿ. ಅಡುಗೆಮನೆ ಬಳಸಲು ಅನುಮತಿ ಇದೆಯೇ, ವಾರಕ್ಕೆಷ್ಟು ಬಾರಿ ಬಟ್ಟೆ ಒಗೆಯಬಹುದು, ಅದೇ ಮನೆಯಲ್ಲಿ ಬೇರೆ ವಿದ್ಯಾರ್ಥಿ ಇದ್ದಾರೆಯೇ ಎಂದೂ ಕೇಳಿ. ಇಂಗ್ಲಿಷ್ ಬಲ್ಲ ಇನ್ನೊಬ್ಬರು ಇದ್ದರೆ ಕೊಟ್ಟ ದುಡ್ಡಿನ ಅರ್ಧ ಅಲ್ಲೇ ಸೋರಿಹೋಯಿತು. ಒಗ್ಗರಣೆ ಹಾಕುವುದು ಮಾತ್ರ ಮನೆಯವರನ್ನು ಎದುರಿಗೇ ಕೇಳಿದ ಮೇಲಷ್ಟೇ.

ವೀಸಾ ಮತ್ತು ಪರೀಕ್ಷೆಯನ್ನು ಒಟ್ಟಿಗೆ ಯೋಚಿಸಿ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ಅಲ್ಪಾವಧಿ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ. 12 ವಾರ ಅಂದರೆ 84. ಉಳಿಯುವ ಆರೇ ದಿನದಲ್ಲಿ ಬರುವುದು, ಹೋಗುವುದು ಎಲ್ಲ. ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಮೂರು ತಿಂಗಳು ಮೀರುವ ಕೋರ್ಸಿಗೆ ಫ್ರೆಂಚ್ ಸರ್ಕಾರದ ವಿದ್ಯಾರ್ಥಿ ಸಂಸ್ಥೆ ಕ್ಯಾಂಪಸ್ ಫ್ರಾನ್ಸ್ ಮೂಲಕವೇ ಹೋಗಬೇಕು, ಅದಕ್ಕೆ ಬೇರೆ ಸಮಯ ಬೇಕು. ಫ್ರೆಂಚ್ ಮಟ್ಟ ಅಳೆಯುವ ಡೆಲ್ಫ್ ಪರೀಕ್ಷೆ ಬೇಕಾದಾಗಲೆಲ್ಲ ನಡೆಯುವುದಿಲ್ಲ. ಕೇಂದ್ರದ ಪರೀಕ್ಷಾ ದಿನಾಂಕ ನೋಡಿ, ಅದರಿಂದ ಹಿಂದಕ್ಕೆ ಎಣಿಸಿ ಕೋರ್ಸ್ ಹಿಡಿಯಿರಿ. ನಾಲ್ಕು ಭಾಗ, ತಲಾ 25 ಅಂಕ. 100ಕ್ಕೆ 50 ಬಂದರೆ ಪಾಸು, ಆದರೆ ಯಾವುದೇ ಭಾಗದಲ್ಲಿ 5ಕ್ಕಿಂತ ಕಡಿಮೆಯಾದರೆ ಪೂರ್ತಿ ಫೇಲು. ನಮ್ಮವರು ವ್ಯಾಕರಣದಲ್ಲಿ ಗಟ್ಟಿ, ಮುಗ್ಗರಿಸುವುದು ಕೇಳಿ ಉತ್ತರಿಸುವ ಭಾಗದಲ್ಲಿ. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ; ಟಿಸಿಎಫ್ ಎಂಬ ಇನ್ನೊಂದು ಪರೀಕ್ಷೆಯದ್ದಾದರೆ ಎರಡೇ ವರ್ಷ.

ಮನೆ ಹೊಂದದಿದ್ದರೆ ಮೊದಲ ವಾರದ ಬುಧವಾರದೊಳಗೆ ಕೇಂದ್ರದ ವಸತಿ ವಿಭಾಗಕ್ಕೆ ಬರಹದಲ್ಲಿ ತಿಳಿಸಿ. ‘ನನಗೆ ಹಿಡಿಸಲಿಲ್ಲ’ ಎಂದರೆ ಕೆಲಸ ನಡೆಯುವುದಿಲ್ಲ. ‘ಮೂರು ರಾತ್ರಿಯಲ್ಲಿ ಎರಡು ರಾತ್ರಿ ಒಬ್ಬನೇ ಊಟ ಮಾಡಿದೆ, ತಟ್ಟೆ ಮೈಕ್ರೋವೇವ್‌ನಲ್ಲಿ ಇಟ್ಟಿತ್ತು’ ಎಂದು ದಿನಾಂಕ ಸಮೇತ ಬರೆದರೆ ಮನೆ ಬದಲಾಗುತ್ತದೆ.