ಮೊದಲ ಸುತ್ತು 1:41, ಕೊನೆಯದು 2:12: ಇಂಟರ್ವಲ್ ಹೀಗೆ ಓಡಬೇಡಿ

ಹತ್ತು ಕಿಲೋಮೀಟರನ್ನು 58 ನಿಮಿಷದಲ್ಲಿ ಮುಗಿಸುವ ಓಟಗಾರರೊಬ್ಬರು 50ರ ಒಳಗೆ ಬರಬೇಕೆಂದು ಹೊರಟರು. ಎಂಟು ವಾರದ ರೆಡಿಮೇಡ್ ಪ್ಲಾನ್ ಒಂದು ಸಿಕ್ಕಿತು. ವಾರಕ್ಕೆರಡು ಸಲ ಟ್ರ್ಯಾಕಿನಲ್ಲಿ 400 ಮೀಟರಿನ ಹತ್ತು ಸುತ್ತು, ನಡುನಡುವೆ ಒಂದು ನಿಮಿಷ ವಿಶ್ರಾಂತಿ; ಹೀಗೆ ಬಿಡುವು ಕೊಟ್ಟು ಕೊಟ್ಟು ವೇಗವಾಗಿ ಓಡುವುದೇ ಇಂಟರ್ವಲ್ ಅಭ್ಯಾಸ. ಐದನೇ ವಾರ ಮುಗಿಯುವಷ್ಟರಲ್ಲಿ ಎಡಗಾಲಿನ ಕಣಕಾಲ ಮೂಳೆಯಲ್ಲಿ, ಅಂದರೆ ಟಿಬಿಯಾದಲ್ಲಿ, ಸ್ಟ್ರೆಸ್ ಫ್ರಾಕ್ಚರ್: ಪದೇ ಪದೇ ಬಿದ್ದ ಭಾರಕ್ಕೆ ಮೂಳೆಯಲ್ಲಾದ ಸಣ್ಣ ಬಿರುಕು. ಸ್ಪರ್ಧೆಯ ದಿನ ಅವರು ಬ್ಯಾರಿಕೇಡಿನ ಆಚೆ ನಿಂತು ಚಪ್ಪಾಳೆ ತಟ್ಟಿದರು.

ಮೊದಲ ದಿನದ ಸುತ್ತುಗಳು ವಾಚಿನಲ್ಲಿ ಹಾಗೇ ಉಳಿದಿದ್ದವು: 1:41, 1:44, 1:49, 1:53, 1:55, 1:58, 2:02, 2:05, 2:11, 2:12. ಏನು ಕೆಟ್ಟಿತು ಎಂಬುದು ಈ ಹತ್ತು ಅಂಕಿಗಳಲ್ಲೇ ಇದೆ.

ಲೆಕ್ಕ ಹಾಕೋಣ. 58 ನಿಮಿಷವೆಂದರೆ ಕಿಲೋಮೀಟರಿಗೆ 5:48. ಈ ದರ್ಜೆಯವರು ಐದು ಕಿಲೋಮೀಟರನ್ನು ಪೂರ್ತಿ ಶ್ರಮ ಹಾಕಿ ಓಡಿದರೆ ಸುಮಾರು 27:50 ಆಗುತ್ತದೆ, ಕಿಲೋಮೀಟರಿಗೆ 5:34. ಹತ್ತು ಕಿಲೋಮೀಟರಿಗೆ ತಯಾರಾಗುವವರ ಇಂಟರ್ವಲ್ ಓಡಬೇಕಾದದ್ದು ಈ ಐದು ಕಿಲೋಮೀಟರಿನ ವೇಗದ ಆಸುಪಾಸಿನಲ್ಲಿ. 400 ಮೀಟರಿಗೆ ಅದು 2:14. ಇವರ ಮೊದಲ ಸುತ್ತು 1:41, ಅಂದರೆ ಕಿಲೋಮೀಟರಿಗೆ 4:12ರ ವೇಗ! ಎಲ್ಲಿಂದ ಶುರು ಮಾಡಬೇಕಿತ್ತೋ ಅಲ್ಲಿಗೆ ಅವರು ಬಂದು ತಲುಪಿದ್ದು ಹತ್ತನೇ ಸುತ್ತಿನಲ್ಲಿ, ಅದೂ ಕಾಲು ಕಟ್ಟಿಗೆಯಂತಾದ ಮೇಲೆ.

ವೇಗ ಹೆಚ್ಚಾದಷ್ಟೂ ಲಾಭ ಹೆಚ್ಚು ಅನ್ನುವುದು ಇಲ್ಲಿ ನಡೆಯುವುದಿಲ್ಲ. ಹತ್ತು ಕಿಲೋಮೀಟರಿಗೆ ಬೇಕಾದ ಶಕ್ತಿ ಹೆಚ್ಚೂಕಡಿಮೆ ಪೂರ್ತಿ ಆಮ್ಲಜನಕದ ದಾರಿಯಿಂದಲೇ ಬರಬೇಕು. ಹೃದಯ, ಶ್ವಾಸಕೋಶ ತಮ್ಮ ಮೇಲ್ಮಟ್ಟ ಮುಟ್ಟಿ ಅಲ್ಲಿ ಒಂದಷ್ಟು ಹೊತ್ತು ನಿಲ್ಲಲಿ ಎಂಬುದೇ ಇಂಟರ್ವಲ್‌ನ ಉದ್ದೇಶ. ಆ ಮಟ್ಟಕ್ಕೆ ಏರುವುದಕ್ಕೇ ಒಂದೆರಡು ನಿಮಿಷ ಬೇಕು. 1:41ಕ್ಕೆ ಸುತ್ತು ಮುಗಿಸಿದವರು ಮೆಟ್ಟಿಲು ಹತ್ತಿ ಬಾಗಿಲು ತೆಗೆಯುವ ಮೊದಲೇ ವಾಪಸ್ ಇಳಿದಂತೆ. ಉಳಿದ ಕೆಲಸವನ್ನೆಲ್ಲ ಆಮ್ಲಜನಕವಿಲ್ಲದ ದಾರಿ ಮಾಡಿರುತ್ತದೆ. ಸ್ನಾಯು ಬಿಗಿದು ಹೆಜ್ಜೆ ಕೆಡುತ್ತದೆ, ಮುಂದಿನ ಸುತ್ತುಗಳು ಜಾರುತ್ತವೆ. ಮೈ ತುಂಬ ಬೆವರು, ಮನಸ್ಸು ತುಂಬ ಸಮಾಧಾನ, ಆದರೆ ಹತ್ತು ಕಿಲೋಮೀಟರಿಗೆ ದಕ್ಕಿದ್ದು ಅಷ್ಟಕ್ಕಷ್ಟೆ.

ಬಿಡುವಿನ ವಿಷಯವೂ ಹೀಗೇ ಕೆಟ್ಟಿತು. ಇಂಟರ್ವಲ್ ಎಂಬ ಹೆಸರು ಓಟಕ್ಕಲ್ಲ, ನಡುವಿನ ಬಿಡುವಿಗೆ ಸೇರಿದ್ದು. ಈ ಪದ್ಧತಿಗೆ ರೂಪ ಕೊಟ್ಟವರು 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ಹೃದಯ ವೈದ್ಯ ಹರ್ಬರ್ಟ್ ರೈಂಡೆಲ್. ಓಟದಲ್ಲಿ ನಾಡಿ 180ರ ಸುಮಾರಿಗೆ ಏರಬೇಕು, ಬಿಡುವಿನಲ್ಲಿ ಅದು 120ಕ್ಕೆ ಇಳಿದ ಮೇಲೆ ಮುಂದಿನ ಓಟ; 90 ಸೆಕೆಂಡಿನಲ್ಲೂ ಇಳಿಯಲಿಲ್ಲ ಎಂದರೆ ಓಟ ಅತಿಯಾಯಿತು ಎಂದರ್ಥ. ಗೆರ್ಶ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1:46.6ಕ್ಕೆ ಓಡಿ ವಿಶ್ವದಾಖಲೆ ಮಾಡಿದರು. 180, 120 ಎಂಬ ಅಂಕಿ ಎಲ್ಲ ವಯಸ್ಸಿಗೂ ಹೊಂದುವುದಿಲ್ಲ, ಅದನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಬಿಡುವಿನಲ್ಲಿ ಉಸಿರು ಮರಳದಿದ್ದರೆ ತಪ್ಪು ಓಟದ ವೇಗದಲ್ಲಿದೆ ಎಂಬ ತರ್ಕ ಮಾತ್ರ ಇಂದಿಗೂ ಸರಿ. ನಮ್ಮ ಓಟಗಾರರು ಮಾಡಿದ್ದೇನು? ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತರು. ಹಾಗೆ ನಿಂತರೆ ರಕ್ತ ಕಾಲಿನಲ್ಲೇ ತಂಗುತ್ತದೆ, ತಲೆ ತಿರುಗುವುದೂ ಉಂಟು. 200 ಮೀಟರ್ ಮೆಲ್ಲಗೆ ಜಾಗ್ ಮಾಡಿದರೆ ಬಿರುಸಿನ ಓಟದಲ್ಲಿ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಬೇಗ ಇಳಿಯುತ್ತದೆ, ನಾಡಿ ತೀರಾ ಕೆಳಗೂ ಬೀಳುವುದಿಲ್ಲ.

ಇನ್ನು ಮೂಳೆ. ಹೃದಯ, ಸ್ನಾಯು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೆ ತಿಂಗಳುಗಳು ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸಿ ಇನ್ನೂ ಕಟ್ಟಿರದ ಆ ಹೊತ್ತಿನಲ್ಲಿ, ಅಂದರೆ ಮೂರು, ನಾಲ್ಕು, ಐದನೇ ವಾರಗಳಲ್ಲಿ, ಅದು ಮೊದಲಿಗಿಂತ ದುರ್ಬಲ. ಉಸಿರು ಹಗುರಾಗಿ ‘ಈಗ ನೋಡಿ ಮಜಾ’ ಅನ್ನಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಇವರ ವಾರದ ಒಟ್ಟು ದೂರ 24 ಕಿಲೋಮೀಟರ್, ಅದರಲ್ಲಿ 8 ಕಿಲೋಮೀಟರ್ ಈ ಇಂಟರ್ವಲ್‌ಗಳೇ. ಮೂರರಲ್ಲಿ ಒಂದು ಪಾಲು! ಹತ್ತರಲ್ಲಿ ಒಂದು ಪಾಲು ದಾಟಿದರೇ ನಾವು ಹುಬ್ಬೇರಿಸುತ್ತೇವೆ. ಸಾಲದ್ದಕ್ಕೆ ಎಲ್ಲ ಸುತ್ತೂ ಒಂದೇ ದಿಕ್ಕಿಗೆ. ತಿರುವಿನಲ್ಲಿ ಒಳಗಾಲು, ಹೊರಗಾಲಿನ ಮೇಲೆ ಒಂದೇ ತೆರನ ಭಾರ ಬೀಳುವುದಿಲ್ಲ. ಟ್ರ್ಯಾಕ್ ಖಾಲಿಯಿದ್ದರೆ ವಾರ್ಮ್ ಅಪ್, ಕೂಲ್ ಡೌನ್‌ಗಳನ್ನಾದರೂ ಹೊರ ಲೇನಿನಲ್ಲಿ ಉಲ್ಟಾ ದಿಕ್ಕಿಗೆ ಮಾಡಿ.

ನೋವು ಎಚ್ಚರಿಕೆ ಕೊಟ್ಟಿರಲಿಲ್ಲ ಅಂತಲ್ಲ. ಮೂರನೇ ವಾರ ಕಣಕಾಲ ಒಳ ಅಂಚಿನುದ್ದಕ್ಕೂ ಒಂದು ಗೇಣಿನಷ್ಟು ಜಾಗ ನೋಯುತ್ತಿತ್ತು, ಹತ್ತು ನಿಮಿಷ ಓಡಿದರೆ ಮಾಯ. ಇದು ಶಿನ್ ಸ್ಪ್ಲಿಂಟ್, ಅಂದರೆ ಅತಿಯಾದ ಓಟದಿಂದ ಕಣಕಾಲ ಮೂಳೆಯ ಅಂಚಿನಲ್ಲಿ ಬರುವ ನೋವು. ಇಲ್ಲಿ ಇಂಟರ್ವಲ್ ನಿಲ್ಲಿಸಿ ದೂರ ಅರ್ಧಕ್ಕಿಳಿಸಿದ್ದರೆ ಎರಡು ಮೂರು ವಾರದಲ್ಲಿ ಸುಧಾರಿಸುವ ಅವಕಾಶವಿತ್ತು. ಐದನೇ ವಾರಕ್ಕೆ ನೋವು ಕುಗ್ಗಿ ಕುಗ್ಗಿ ಒಂದೇ ಬೆರಳ ತುದಿಯಷ್ಟು ಜಾಗಕ್ಕೆ ಬಂತು, ಓಡಿದಷ್ಟೂ ಹೆಚ್ಚಾಯಿತು, ರಾತ್ರಿ ಮಲಗಿದಾಗಲೂ ಮಿಡಿಯತೊಡಗಿತು. ಹರಡಿದ್ದ ನೋವು ಒಂದು ಚುಕ್ಕಿಗೆ ಬಂದು ನಿಂತರೆ ಅಂದೇ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಇವರು ಎಕ್ಸ್‌ರೇ ತೆಗೆಸಿದರು, ಏನೂ ಕಾಣಲಿಲ್ಲ, ಅದನ್ನೇ ಪರವಾನಗಿ ಎಂದುಕೊಂಡು ನೋವಿನ ಮಾತ್ರೆ ನುಂಗಿ ಮತ್ತೆರಡು ಸಲ ಟ್ರ್ಯಾಕಿಗೆ ಹೋದರು. ಮೊದಲ ಕೆಲವು ವಾರ ಸ್ಟ್ರೆಸ್ ಫ್ರಾಕ್ಚರ್ ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದು ಮಾಮೂಲು, ಎಂಆರ್‌ಐಯಲ್ಲಿ ಗೊತ್ತಾಯಿತು. ಮಾತ್ರೆ ನುಂಗಿ ಇಂಟರ್ವಲ್ ಓಡುವುದಂತೂ ಹೊಗೆಯ ಅಲಾರಂ ಕಿತ್ತು ಹಾಕಿ ಒಲೆ ಹಚ್ಚಿದಂತೆ.

ಹಾಗಾದರೆ 58 ನಿಮಿಷದವರು ಏನು ಓಡಬೇಕು? ಮೊದಲು ಎರಡು ತಿಂಗಳು ವಾರಕ್ಕೆ ನಾಲ್ಕು ದಿನ, 25ರಿಂದ 30 ಕಿಲೋಮೀಟರ್, ಮಾತಾಡುತ್ತ ಓಡಬಲ್ಲ ವೇಗದಲ್ಲಿ. ಅದು ಕಿಲೋಮೀಟರಿಗೆ 6:50ರಿಂದ 7:20. ಇದು ತಪ್ಪದೆ ನಡೆದರೆ ವಾರಕ್ಕೆ ಒಂದೇ ಒಂದು ಇಂಟರ್ವಲ್ ದಿನ, ವೇಗದ ಭಾಗ ಎಲ್ಲ ಕೂಡಿ ಸುಮಾರು 3 ಕಿಲೋಮೀಟರ್. ಮೊದಲ ಎರಡು ವಾರ 400 ಮೀಟರಿನ ಆರು ಸುತ್ತು, ಒಂದೊಂದೂ 2:14ರಿಂದ 2:18, ನಡುವೆ 200 ಮೀಟರ್ ಜಾಗ್. ಆಮೇಲೆ 800 ಮೀಟರಿನ ನಾಲ್ಕು, 4:27ರಿಂದ 4:32ರೊಳಗೆ, ನಡುವೆ ಎರಡೂವರೆ ನಿಮಿಷ ಜಾಗ್. ಆಮೇಲೆ 1000 ಮೀಟರಿನ ಮೂರು, 5:34ರಿಂದ 5:40. ನಾಲ್ಕನೆಯದನ್ನು ಸೇರಿಸುವುದು ವಾರದ ದೂರ 40 ಕಿಲೋಮೀಟರ್ ಹತ್ತಿರ ಬಂದಾಗ. ಮೇಲಿನ ಮಟ್ಟದಲ್ಲಿ ನಿಲ್ಲುವ ಹೊತ್ತು ನಿಜವಾಗಿ ಸಿಗುವುದು ಈ ನಾಲ್ಕೈದು ನಿಮಿಷದ ಓಟಗಳಲ್ಲೇ. 400ರ ಸುತ್ತುಗಳು ಅಲ್ಲಿಗೆ ಸೇತುವೆ ಮಾತ್ರ.

ಎರಡನೇ ಗಟ್ಟಿ ದಿನ ಬೇಕೇ ಬೇಕೆಂದರೆ ಟೆಂಪೊ, ಅಂದರೆ ಕಷ್ಟವೆನಿಸಿದರೂ ಒಂದೇ ಸಮ ಕಾಯ್ದುಕೊಳ್ಳಬಲ್ಲ ವೇಗದ ಓಟ: ಹತ್ತು ಹತ್ತು ನಿಮಿಷದ ಎರಡು ಓಟ, 5:50ರಿಂದ 5:55ರ ವೇಗ, ನಡುವೆ ಎರಡು ನಿಮಿಷ. ಎರಡು ಗಟ್ಟಿ ದಿನಗಳ ನಡುವೆ ಕನಿಷ್ಠ 48 ಗಂಟೆ ಇರಲಿ.

ಅಭ್ಯಾಸದ ದಿನ ಹನ್ನೆರಡರಿಂದ ಹದಿನೈದು ನಿಮಿಷ ನಿಧಾನ ಜಾಗ್, ಆಮೇಲೆ 80 ಮೀಟರಿನ ನಾಲ್ಕು ಸ್ಟ್ರೈಡ್, ಅಂದರೆ ಹಂತಹಂತವಾಗಿ ವೇಗ ಏರಿಸುವ ಚಿಕ್ಕ ಓಟ. ಮೊದಲೆರಡು ಸುತ್ತು ಮುಗಿದಾಗ ‘ಇಷ್ಟೇನಾ’ ಅನ್ನಿಸಬೇಕು. ಕೊನೆಯ ಸುತ್ತು ಮೊದಲಿನದಕ್ಕೆ ಸಮ, ಹೆಚ್ಚೆಂದರೆ ಒಂದೆರಡು ಸೆಕೆಂಡ್ ಚುರುಕು. ಸತತ ಎರಡು ಸುತ್ತು ನಾಲ್ಕು ಸೆಕೆಂಡಿಗಿಂತ ಹೆಚ್ಚು ಜಾರಿದರೆ ಅವತ್ತಿಗೆ ಮುಗಿಯಿತು, ಮನೆಗೆ ಹೋಗಿ. ಹತ್ತು ಎಂದು ಬರೆದಿದೆ, ಹತ್ತು ಆಗಲೇಬೇಕು ಎಂಬ ಹಟವೇ ಇವರನ್ನು 2:12ರವರೆಗೆ ಎಳೆದುಕೊಂಡು ಹೋಗಿದ್ದು.

ವಾಚನ್ನೂ ಅರ್ಧವೇ ನಂಬಿ. ತಿರುವಿನಲ್ಲಿ ಜಿಪಿಎಸ್ ತೋರಿಸುವ ಆ ಕ್ಷಣದ ವೇಗ ಅಲ್ಲಾಡುತ್ತಲೇ ಇರುತ್ತದೆ, ಲ್ಯಾಪ್ ಗುಂಡಿಯನ್ನು ಕೈಯಲ್ಲೇ ಒತ್ತಿ. ಮಣಿಕಟ್ಟಿನ ಸೆನ್ಸರ್ ಹೃದಯಬಡಿತದ ಬದಲು ಹೆಜ್ಜೆಯ ಲಯವನ್ನೇ ಹಿಡಿದು 170 ಎಂದು ತೋರಿಸುವುದುಂಟು. ಹೇಗೂ 400 ಮೀಟರಿನಲ್ಲಿ ನಾಡಿ ಓಟದ ಹಿಂದೆಯೇ ಓಡಿ ಬರುತ್ತಿರುತ್ತದೆ, ಅದನ್ನು ನೋಡಿ ವೇಗ ತಿದ್ದಲಾಗದು. ಇನ್ನೊಂದು, 400 ಮೀಟರ್ ಇರುವುದು ಒಂದನೇ ಲೇನಿನಲ್ಲಿ ಮಾತ್ರ. ಹೊರಗಿನ ಪ್ರತಿ ಲೇನಿಗೂ ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಸೇರುತ್ತದೆ, ಎಂಟನೆಯದರಲ್ಲಿ ಸುತ್ತು ಸುಮಾರು 453 ಮೀಟರ್.

50 ನಿಮಿಷದ ಗುರಿ ತಪ್ಪೇನಲ್ಲ, ಅದರ ವೇಗವನ್ನು ಇವತ್ತಿನ ಕಾಲಿಗೆ ಕಟ್ಟಿದ್ದು ತಪ್ಪು. ಐದಾರು ವಾರಕ್ಕೊಮ್ಮೆ ಐದು ಕಿಲೋಮೀಟರ್ ಪೂರ್ತಿ ಶ್ರಮದಿಂದ ಓಡಿ ನೋಡಿ. 27:00 ಬಂದರೆ ಹತ್ತು ಕಿಲೋಮೀಟರ್ 56:20ರ ಹತ್ತಿರ ಬಂತು, 400 ಮೀಟರಿನ ಸುತ್ತು 2:10 ಆಯಿತು. ಬರಲಿಲ್ಲವೋ, 2:14ರಲ್ಲೇ ಇರಿ.

ಇವರಿಗೆ ಎಂಟು ವಾರ ಓಟ ಪೂರ್ತಿ ನಿಷಿದ್ಧವಾಯಿತು. ಆಮೇಲೆ ಮೂವತ್ತು ನಿಮಿಷದ ನೋವಿಲ್ಲದ ಬಿರುಸು ನಡಿಗೆ, ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಇಂಟರ್ವಲ್ ಮರಳಿದ್ದು ಎಲ್ಲಕ್ಕಿಂತ ಕೊನೆಗೆ: ನಾಲ್ಕೇ ಸುತ್ತು, ನಾಲ್ಕೂ 2:20ಕ್ಕೆ.