ಪಾಸ್‌ಮಾರ್ಕ್ ಅಂಕ ನೋಡಿ ಸರ್ವರ್ ಪ್ರೊಸೆಸರ್ ಆರಿಸಬಹುದೇ?

ಸರ್ವರ್‌ಗೆ ಪ್ರೊಸೆಸರ್ ಹುಡುಕುವವರು ಮೊದಲು ತೆರೆಯುವುದು ಪಾಸ್‌ಮಾರ್ಕ್ ಪಟ್ಟಿಯನ್ನೇ, ಅಂದರೆ ಪ್ರೊಸೆಸರ್‌ಗಳ ವೇಗ ಅಳೆದು ಅಂಕ ಕೊಡುವ ಜಾಲತಾಣವನ್ನೇ. ದುಡ್ಡು ಕೊಡಬೇಕಿಲ್ಲ, ಇಂಟೆಲ್‌ನ ಹಳೇ ಜಿಯಾನ್‌ನಿಂದ ಎಎಂಡಿಯ ಹೊಸ ಎಪಿಕ್‌ವರೆಗೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಡೆಸ್ಕ್‌ಟಾಪ್ ಚಿಪ್‌ಗಳ ಮಟ್ಟಿಗೆ ಪಟ್ಟಿ ಒಳ್ಳೆಯದೇ: ಪರೀಕ್ಷೆ ಓಡಿಸಿ ಫಲಿತಾಂಶ ಕಳಿಸಿದವರು ಅಷ್ಟು ಜನರಿರುವುದರಿಂದ ಸರಾಸರಿ ಒಂದು ಹದಕ್ಕೆ ಬಂದಿರುತ್ತದೆ. ಸರ್ವರ್ ಚಿಪ್‌ಗಳಲ್ಲಿ ಹಾಗಲ್ಲ.

ಪುಟ ತೆರೆದ ಕೂಡಲೇ ದೊಡ್ಡ ಅಂಕ ಬಿಟ್ಟು 'ಸ್ಯಾಂಪಲ್ಸ್' (ಎಷ್ಟು ಫಲಿತಾಂಶಗಳ ಸರಾಸರಿ) ಸಂಖ್ಯೆ ಮತ್ತು 'ಮಾರ್ಜಿನ್ ಫಾರ್ ಎರರ್' (ತಪ್ಪಿನ ಸಾಧ್ಯತೆ) ನೋಡಿ. ಸ್ಯಾಂಪಲ್ ಮೂರೋ ನಾಲ್ಕೋ ಇದ್ದರೆ ಆ ಅಂಕ ಪ್ರೊಸೆಸರಿನದ್ದಲ್ಲ, ಆ ಮೂರು ನಾಲ್ಕು ಯಂತ್ರಗಳದ್ದು. ಅವುಗಳಲ್ಲೊಂದು ದೊಡ್ಡ ಸರ್ವರಿನ ಒಂದು ಪಾಲಷ್ಟೇ ಸಿಕ್ಕ, ಬರೀ ಎಂಟು ವಿಸಿಪಿಯು (ವರ್ಚುವಲ್ ಕೋರ್) ಕೊಟ್ಟ ವರ್ಚುವಲ್ ಮಷೀನ್ ಆಗಿರಬಹುದು, ಇನ್ನೊಂದರಲ್ಲಿ ಮೆಮೊರಿ ಸ್ಲಾಟ್‌ಗಳು ಮುಕ್ಕಾಲುಪಾಲು ಖಾಲಿ ಇರಬಹುದು. ಇನ್ನೊಂದು ಮಾತು: 2020ರಲ್ಲಿ ಹತ್ತನೇ ಆವೃತ್ತಿ ಬಂದಾಗ ಅಂಕ ಹಾಕುವ ಲೆಕ್ಕವೇ ಬದಲಾಯಿತು. ಹಳೇ ಲೇಖನದಲ್ಲಿ ಕಂಡ ಅಂಕವನ್ನು ಇಂದಿನ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ಖಾಲಿ ಸ್ಲಾಟ್ ಸಣ್ಣ ವಿಷಯವಲ್ಲ. 64 ಕೋರ್‌ನ ಎಪಿಕ್ 7763ಕ್ಕೆ ಎಂಟು ಮೆಮೊರಿ ಚಾನೆಲ್, ಅಂದರೆ ಮೆಮೊರಿಯಿಂದ ಡೇಟಾ ಬರುವ ಎಂಟು ದಾರಿ. ಡಿಡಿಆರ್4-3200 ಮೆಮೊರಿಯಲ್ಲಿ ಒಂದು ಚಾನೆಲ್‌ಗೆ ಸೆಕೆಂಡಿಗೆ 25.6 ಜಿಬಿ, ಎಂಟೂ ತುಂಬಿದರೆ 204.8 ಜಿಬಿ. ದೊಡ್ಡ ಡಿಮ್ (ಮೆಮೊರಿ ಪಟ್ಟಿ) ಎರಡೇ ಹಾಕಿದರೆ 51.2ಕ್ಕೆ ಇಳಿಯುತ್ತದೆ, ಅದನ್ನೇ 64 ಕೋರ್‌ಗಳು ಹಂಚಿಕೊಳ್ಳಬೇಕು. ಎನ್‌ಕ್ರಿಪ್ಷನ್‌ನಂಥ ಪರೀಕ್ಷೆಗಳು ಬಹುಪಾಲು ಕ್ಯಾಶೆಯಲ್ಲೇ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಮುಗಿಯುವಂಥವು, ಅಲ್ಲಿ ಈ ಹೊಡೆತ ಸರಿಯಾಗಿ ಕಾಣುವುದಿಲ್ಲ. ಡೇಟಾಬೇಸ್ ಹಾಕಿದ ದಿನ ಕಾಣುತ್ತದೆ.

ಸರಿ, ಅಂಕ ನಿಖರವಾಗಿಯೇ ಇದೆ ಅಂದುಕೊಳ್ಳೋಣ. ಆಗಲೂ ದಾರಿ ತಪ್ಪಬಹುದು. 64 ಕೋರ್‌ನ ಎಪಿಕ್ 9554 ಒಟ್ಟು ಅಂಕದಲ್ಲಿ 32 ಕೋರ್‌ನ 9374ಎಫ್‌ಗಿಂತ ಮೇಲಿದೆ. ಎರಡರಲ್ಲೂ ಎಲ್3 ಕ್ಯಾಶೆ 256 ಎಂಬಿ, ಚಾನೆಲ್ ಹನ್ನೆರಡು. ಆದರೆ 9374ಎಫ್‌ನ ಬೇಸ್ ವೇಗ 3.85 ಗಿಗಾಹರ್ಟ್ಸ್, ಬೂಸ್ಟ್ 4.3, 9554ರದ್ದು 3.1 ಮತ್ತು 3.75. ಎಸ್‌ಕ್ಯೂಎಲ್ ಸರ್ವರ್‌ನಂತೆ ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಕಟ್ಟುವವರಿಗೆ ಕಡಿಮೆ ಅಂಕದ ಚಿಪ್ಪೇ ಲಾಭ. ಒಂದೊಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬೇಗ ಮುಗಿಯಬೇಕೆಂದರೆ ಪಾಸ್‌ಮಾರ್ಕ್ ಪುಟದಲ್ಲೇ ಇರುವ 'ಸಿಂಗಲ್ ಥ್ರೆಡ್ ರೇಟಿಂಗ್' ನೋಡಿ, ಒಟ್ಟು ಅಂಕ ಮರೆತುಬಿಡಿ.

ಇಂಥದ್ದೇ ಇನ್ನೊಂದು ಪರೀಕ್ಷೆಯಾದ ಗೀಕ್‌ಬೆಂಚ್ 6ರ ಮಲ್ಟಿಕೋರ್ ಅಂಕವನ್ನು ಸರ್ವರ್‌ಗೆ ಬಳಸಲೇಬೇಡಿ. ಐದನೇ ಆವೃತ್ತಿ ಪ್ರತಿ ಕೋರ್‌ಗೂ ಬೇರೆಬೇರೆ ಕೆಲಸ ಕೊಡುತ್ತಿತ್ತು. ಆರನೆಯದು ಒಂದೇ ಕೆಲಸವನ್ನು ಎಲ್ಲ ಕೋರ್‌ಗಳಿಗೂ ಹಂಚುತ್ತದೆ. ಫೋನ್, ಲ್ಯಾಪ್‌ಟಾಪ್‌ಗೆ ಅದು ಸರಿ. 64 ಕೋರ್ ಇದ್ದಲ್ಲಿ, ಕೋರ್ ಹೆಚ್ಚಿದಷ್ಟು ಅಂಕ ಏರುವುದಿಲ್ಲ.

ಹಾಗಾದರೆ ಸ್ಪೆಕ್ ಸಂಸ್ಥೆಯ ಪರೀಕ್ಷೆ, ಸ್ಪೆಕ್ ಸಿಪಿಯು 2017? ಇವುಗಳಲ್ಲೆಲ್ಲ ನನ್ನ ಮತ ಅದಕ್ಕೇ, ಏಕೆಂದರೆ ಮೆಮೊರಿ, ಬಯೋಸ್, ಕಂಪೈಲರ್ ಆಯ್ಕೆಗಳೆಲ್ಲ ವರದಿಯಲ್ಲೇ ಬರೆದಿರುತ್ತವೆ. ಆದರೂ ಕುರುಡಾಗಿ ನಂಬುವಂತಿಲ್ಲ. ಇಂಟೆಲ್ ಕಂಪೈಲರ್ ಅದರ 'ಕ್ಸಲಾನ್' ಉಪಪರೀಕ್ಷೆಗೆಂದೇ ವಿಶೇಷ ಸುಧಾರಣೆ ಮಾಡುತ್ತಿತ್ತೆಂದು ತೀರ್ಮಾನಿಸಿ ಸ್ಪೆಕ್ ಸಂಸ್ಥೆ 2,600ಕ್ಕೂ ಹೆಚ್ಚು ಜಿಯಾನ್ ಫಲಿತಾಂಶಗಳಿಗೆ ಟಿಪ್ಪಣಿ ಅಂಟಿಸಿತು; 2024ರಲ್ಲಿ ಅದು ಸುದ್ದಿಯಾಯಿತು. 'ಪೀಕ್' (ಪ್ರತಿ ಉಪಪರೀಕ್ಷೆಗೂ ಬೇರೆ ಕಂಪೈಲರ್ ಆಯ್ಕೆ) ಬಿಟ್ಟು 'ಬೇಸ್' (ಎಲ್ಲಕ್ಕೂ ಒಂದೇ ಬಗೆಯ ಆಯ್ಕೆ) ಅಂಕ ಓದಿ. ಒಟ್ಟು ಸರಾಸರಿಯ ಬದಲು ನಿಮ್ಮ ಕೆಲಸಕ್ಕೆ ಹತ್ತಿರದ ಉಪಪರೀಕ್ಷೆ ನೋಡಿ: ಕಂಪೈಲ್ ಮಾಡುವವರಿಗೆ ಜಿಸಿಸಿ, ವಿಡಿಯೊದವರಿಗೆ ಎಕ್ಸ್264.

ಕೊಳ್ಳುವ ಮುಂಚೆ ಒಂದು ಯಂತ್ರ ಕೈಗೆ ಸಿಕ್ಕರೆ ಮೊದಲು ಲಿನಕ್ಸ್‌ನ ಡಿಎಂಐಡಿಕೋಡ್ ಆದೇಶದಲ್ಲಿ ಎಷ್ಟು ಡಿಮ್ ಇವೆ, ಯಾವ ವೇಗದಲ್ಲಿ ಓಡುತ್ತಿವೆ ನೋಡಿ. ಪ್ರೊಸೆಸರ್ ವೇಗ ನಿಯಂತ್ರಿಸುವ ಗವರ್ನರ್ ಅನ್ನು 'ಪರ್ಫಾರ್ಮೆನ್ಸ್'ಗೆ ಹಾಕಿ. ಆಮೇಲೆ ಪಿಜಿಬೆಂಚ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪರೀಕ್ಷೆ) ಅಥವಾ ನಿಮ್ಮದೇ ಲೋಡನ್ನು ಅರ್ಧ ಗಂಟೆ ಓಡಿಸಿ. ಎರಡು ನಿಮಿಷದ ಪರೀಕ್ಷೆ ಬೂಸ್ಟ್ ವೇಗ ಮಾತ್ರ ತೋರಿಸೀತು. ಪಕ್ಕದಲ್ಲಿ ಕೋರ್‌ಗಳ ವೇಗ ತೋರಿಸುವ ಟರ್ಬೋಸ್ಟ್ಯಾಟ್ ತೆರೆದಿಟ್ಟರೆ ಬಿಸಿಯಾದ ಮೇಲೆ ವೇಗ ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಐದು ಸಲ ಓಡಿಸಿ, ನಡುವಿನ ಅಂಕ ಬರೆದುಕೊಳ್ಳಿ. ಐದರಲ್ಲೇ ಶೇ. 4ರಷ್ಟು ಏರುಪೇರಿದ್ದರೆ, ಎರಡು ಚಿಪ್‌ಗಳ ನಡುವಿನ ಶೇ. 3ರ ಅಂತರಕ್ಕೆ ಅರ್ಥವಿಲ್ಲ. ಬಾಡಿಗೆ ಕ್ಲೌಡ್‌ನಲ್ಲಿ ನೋಡುವುದಾದರೆ ಲಿನಕ್ಸ್‌ನ ಟಾಪ್ ಆದೇಶ ತೋರಿಸುವ 'ಎಸ್‌ಟಿ' (ಸ್ಟೀಲ್, ನಿಮ್ಮಿಂದ ಕಸಿದ ಸಮಯ) ಸಂಖ್ಯೆ ಸೊನ್ನೆಯ ಆಸುಪಾಸಿನಲ್ಲಿರಲಿ. ಜಾಸ್ತಿ ಇದ್ದರೆ ಪಕ್ಕದ ಬಾಡಿಗೆದಾರರು ನಿಮ್ಮ ಸಮಯ ತಿನ್ನುತ್ತಿದ್ದಾರೆ, ಆ ಅಂಕ ಎಸೆಯಿರಿ.

ಪಾಸ್‌ಮಾರ್ಕ್‌ಗೆ ಸರ್ವರ್ ವಿಷಯದಲ್ಲಿ ಐದಕ್ಕೆ ಎರಡೂವರೆ. ಇಪ್ಪತ್ತು ಚಿಪ್‌ಗಳ ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿಕೊಳ್ಳಲು ಅಷ್ಟು ಸಾಕು.