ಎಂಜಿನ್‌ಗೆ ಫುಲ್ ಮಾರ್ಕ್ಸ್, ಮುಂದಿನ ಬ್ರೇಕ್‌ಗೆ ಸೊನ್ನೆ

ಈ ಬೈಕಿನ ಎಂಜಿನ್ ಬಗ್ಗೆ ನನ್ನದು ಯಾವ ದೂರೂ ಇಲ್ಲ. ಸೀಟೂ ಪರವಾಗಿಲ್ಲ, ಹೆಡ್‌ಲೈಟ್ ಚೆನ್ನಾಗಿದೆ. ನಾನು ಬರೆಯಲು ಕೂತಿರುವುದು ಮುಂದಿನ ಬ್ರೇಕ್ ಬಗ್ಗೆ, ಅದು ಕೈಕೊಟ್ಟ ಮೇಲೆ ಕಂಪನಿಯವರು ನಡೆದುಕೊಂಡ ರೀತಿಯ ಬಗ್ಗೆ.

ಮೊದಲು ಬ್ರೇಕ್ ಲಿವರ್ ಮೆತ್ತಗಾಯಿತು. ಹಿಡಿದರೆ ಗ್ರಿಪ್‌ವರೆಗೂ ಬರುತ್ತಿತ್ತು. ಎರಡು ಮೂರು ಸಲ ಪಂಪ್ ಮಾಡಿದರೆ ಮತ್ತೆ ಬಿಗಿ. ಲಿವರ್ ಹಿಡಿದ ಒತ್ತಡವನ್ನು ಚಕ್ರದ ಬ್ರೇಕಿಗೆ ಒಯ್ಯುವ ಆಯಿಲ್ ಪೈಪು, ಅಂದರೆ ಬ್ರೇಕ್ ಲೈನಿನೊಳಗೆ ಗಾಳಿ ಸೇರಿದರೆ ಹೀಗೇ ಆಗುತ್ತದೆ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಾವು ಹಾಕಿದ ಬಲ ಅಲ್ಲೇ ಸೋರಿಹೋಗುತ್ತದೆ. ಸರ್ವೀಸ್ ಸೆಂಟರ್‌ನವರು ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ತೆಗೆದು, "ಈಗ ಫಸ್ಟ್ ಕ್ಲಾಸ್ ಮೇಡಂ" ಅಂದರು.

ಕೆಲವೇ ವಾರ. ಸಿಗ್ನಲ್‌ನಲ್ಲಿ ಎದುರಿನ ಕಾರು ನಿಂತಿತು, ನನ್ನ ಲಿವರ್ ಸೀದಾ ಗ್ರಿಪ್‌ಗೆ ತಾಗಿತು, ಗಾಡಿ ನಿಲ್ಲಲಿಲ್ಲ. ಹಿಂದಿನ ಬ್ರೇಕ್ ತುಳಿದು ಪಕ್ಕಕ್ಕೆ ಎಳೆದೆ, ಬಿದ್ದೆ. ಕೈ ಊರಿದ್ದಕ್ಕೆ ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆ ಮುರಿಯಿತು. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣಲೇ ಇಲ್ಲ. ಈ ಪುಟ್ಟ ಮೂಳೆಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಕೂಡುವುದೂ ತಡ.

"ಗಾಡಿ ಬಿಟ್ಟು ಹೋಗಿ ಮೇಡಂ, ಮಾಸ್ಟರ್ ಸಿಲಿಂಡರ್ ಫ್ರೀಯಾಗಿ ಹಾಕಿಕೊಡ್ತೀವಿ" ಅಂದರು ಸರ್ವೀಸ್ ಸೆಂಟರ್‌ನವರು. ಲಿವರ್ ಹಿಡಿದಾಗ ಒಳಗಿನ ಪಿಸ್ಟನ್‌ನಿಂದ ಆಯಿಲನ್ನು ತಳ್ಳುವ ಭಾಗ ಅದು. ಹಳೆಯದು? "ಅದು ಕಂಪನಿಗೆ ವಾಪಸ್." ಅಲ್ಲಿಗೇ ತಡೆದೆ. ದೋಷ ಇತ್ತು ಅಂತ ತೋರಿಸಬೇಕಾದವಳು ನಾನು. ಆ ಸಿಲಿಂಡರೇ ಹೋದರೆ ಏನನ್ನು ತೋರಿಸಲಿ? ಕೊನೆಗೆ ಹೊರಗಿನ ಎಂಜಿನಿಯರ್ ಒಬ್ಬರು ಇಬ್ಬರ ಎದುರಿಗೂ ಬಿಚ್ಚಿದರು, ಒಂದೊಂದು ಹಂತಕ್ಕೂ ಫೋಟೊ. ಪಿಸ್ಟನ್ ತುದಿಯಲ್ಲಿ ಬೆರಳಿಗೆ ಅಂಟುವ ಬಿಳಿ ಪುಡಿ, ಅದರ ಕೆಳಗೆ ಲೋಹ ಚುಕ್ಕಿ ಚುಕ್ಕಿಯಾಗಿ ತಿಂದುಹೋಗಿತ್ತು.

ಕಂಪನಿಯ ಪ್ರತಿನಿಧಿ ಕೇಳಿದ ಮೊದಲ ಪ್ರಶ್ನೆ: "ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ರಿ?" ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು. 2013ರ ಆಗಸ್ಟ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸುಜುಕಿ ಜಿಎಸ್‌ಎಕ್ಸ್-ಆರ್1000 ಓಡಿಸುತ್ತಿದ್ದ ಒಬ್ಬರಿಗೆ ಮುಂದಿನ ಬ್ರೇಕ್ ಕೈಕೊಟ್ಟು ತೀವ್ರ ಪೆಟ್ಟಾಯಿತು. ಅದಾಗಿ ಸ್ವಲ್ಪ ದಿನಕ್ಕೇ ಕಂಪನಿ ಆ ಸಾಲಿನ ಬೈಕುಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿತು. ಪಿಸ್ಟನ್ ತುಕ್ಕು ಹಿಡಿದು ಗ್ಯಾಸ್ ಹುಟ್ಟುತ್ತದೆ, ಅದು ಸರಿಯಾಗಿ ಹೊರಗೆ ಹೋಗುವುದಿಲ್ಲ, ಇದೇ ಆ ಬೈಕುಗಳ ದೋಷ. ಕೇಸು ಕೋರ್ಟಿಗೆ ಹೋಯಿತು. ಜ್ಯೂರಿ, ಅಂದರೆ ತೀರ್ಮಾನ ಕೊಡಲು ಕೂರಿಸುವ ಸಾಮಾನ್ಯ ಜನರ ತಂಡ, ಆತನಿಗೂ ಹೆಂಡತಿಗೂ ಸೇರಿ 1.25 ಕೋಟಿ ಡಾಲರ್ ಪರಿಹಾರ ಲೆಕ್ಕ ಹಾಕಿತು. ಆದರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಮ್ಯಾನುಯಲ್‌ನಲ್ಲಿ ಇದ್ದರೂ ಆತ 8 ವರ್ಷ ಬ್ರೇಕ್ ಆಯಿಲ್ ಬದಲಾಯಿಸಿರಲಿಲ್ಲ. ಹಾಗಾಗಿ ಶೇಕಡಾ 49ರಷ್ಟು ತಪ್ಪು ಆತನ ತಲೆಗೇ ಬಂತು, ದುಡ್ಡೂ ಅಷ್ಟು ಕಡಿತ. 2020ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬ್ರೇಕಿನ ವಿನ್ಯಾಸವೇ ಕೆಟ್ಟದ್ದು ಅಂತ ತೀರ್ಮಾನವಾದ ಮೇಲೂ ಇಷ್ಟು!

ನನ್ನ ಸರ್ವೀಸ್ ಪುಸ್ತಕದಲ್ಲಿ ಆಯಿಲ್ ಬದಲಾಯಿಸಿದ ದಿನಾಂಕಗಳಿದ್ದವು, ಅವರದೇ ಸೀಲು ಸಮೇತ. ನೋಡಿ ಸುಮ್ಮನಾದರು, ಆ ಪ್ರಶ್ನೆ ಮತ್ತೆ ಬರಲಿಲ್ಲ.

ಆಮೇಲೆ ಒಂದು ಕಾಗದ ಮುಂದಿಟ್ಟರು. ಪಾರ್ಟ್ ಕೊಡುತ್ತಿರುವುದು ಬರೀ ಸೌಜನ್ಯಕ್ಕೆ, ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಅಂತ ನಾನು ಸಹಿ ಹಾಕಬೇಕಂತೆ. ಸೌಜನ್ಯ ಅಂದರೆ ಇದಾ? ಆ ಸಾಲು ಹೊಡೆದುಹಾಕಿ, ಪಾರ್ಟ್ ಸಿಕ್ಕಿದ್ದಕ್ಕೆ ಮಾತ್ರ ಸಹಿ ಮಾಡಿದೆ. ತಯಾರಕರು ಅಜಾಗ್ರತೆ ತೋರಿದರು ಅಂತ ಸಾಬೀತು ಮಾಡಲೇಬೇಕು ಅನ್ನುವ ನಿಯಮ ಎಷ್ಟೋ ದೇಶಗಳಲ್ಲಿ ಈಗಿಲ್ಲ. ವಸ್ತುವಿನಲ್ಲಿ ದೋಷ ಇತ್ತು, ಅದರಿಂದಲೇ ಪೆಟ್ಟಾಯಿತು, ಇವೆರಡನ್ನು ತೋರಿಸಿದರೆ ಸಾಕು. ಎರಡನೆಯದೇ ಕಷ್ಟ. ವೇಗ ಜಾಸ್ತಿ ಇತ್ತು, ರಸ್ತೆ ಜಾರುತ್ತಿತ್ತು ಅಂತ ಅವರು ಹೇಳಿಯೇ ಹೇಳುತ್ತಾರೆ. ನನ್ನ ಪತ್ರಕ್ಕೆ ಬಂದ ಉತ್ತರದಲ್ಲೂ ಅದೇ ಇದೆ.

ಸ್ಟಾರ್ ಕೊಡುವುದಾದರೆ ಕಂಪನಿಗೆ ಒಂದು. ಸರ್ವೀಸ್ ಸೆಂಟರ್‌ಗೆ ಎರಡು, ಅದೂ ಕೌಂಟರ್‌ನಲ್ಲಿದ್ದ ಹುಡುಗನಿಗಾಗಿ. ನಾನು ಮೊದಲ ಸಲ ಹೋದಾಗಲೇ ಜಾಬ್ ಕಾರ್ಡಿನಲ್ಲಿ "ಮುಂದಿನ ಬ್ರೇಕ್ ಗ್ರಿಪ್‌ವರೆಗೂ ಬರುತ್ತದೆ" ಅಂತ ನನ್ನ ಮಾತನ್ನೇ ಬರೆದಿದ್ದ. ಈಗ ನನ್ನ ಫೈಲಿನಲ್ಲಿ ಎಲ್ಲಕ್ಕಿಂತ ಗಟ್ಟಿ ದಾಖಲೆ ಅದೇ.

ನಿಮ್ಮದೂ ಇದೇ ಮಾಡೆಲ್ಲಾ? ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ, ರೀಕಾಲ್ ಆಗಿದ್ದರೂ ಅದರ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ಚಾಸಿ ನಂಬರ್ ಹಾಕಿ ನೀವೇ ನೋಡಿಕೊಳ್ಳಿ.